ಟೆಕ್ಸಸ್‌ನಲ್ಲಿ ವೈದ್ಯಕೀಯ ಗಾಂಜಾ: ಬದಲಾದ ಕಾನೂನಿನಡಿ ಔಷಧ ಪಡೆಯುವುದು ಹೇಗೆ, ಯಾರು ಪಡೆಯಬಾರದು

ಕಳೆದ ದೀಪಾವಳಿ ಪಾಟ್‌ಲಕ್‌ನಲ್ಲಿ ನಮ್ಮ ಬೀದಿಯ ಆಂಟಿಯೊಬ್ಬರು ನನ್ನನ್ನು ಅಡುಗೆಮನೆಯ ಮೂಲೆಗೆ ಕರೆದರು. ಆ ಕಡೆ ಈ ಕಡೆ ನೋಡಿ ಮೆಲ್ಲಗೆ ಕೇಳಿದರು: "ಏನಪ್ಪಾ, ಇಲ್ಲಿ ಈಗ ಬೆನ್ನುನೋವಿಗೆ ಗಾಂಜಾ ಕೊಡ್ತಾರಂತೆ, ಹೌದಾ?" ಆಪರೇಷನ್ ಆಗಿ ನಾಲ್ಕು ವರ್ಷವಾದರೂ ಅವರ ನೋವು ಹೋಗಿಲ್ಲ. ನೋವಿನ ಮಾತ್ರೆ ತಿಂದು ತಿಂದು ಹೊಟ್ಟೆ ಕೆಟ್ಟಿದೆ.

ಹೌದು, ಕೊಡುತ್ತಾರೆ. ಆದರೆ ನಾನು ತಿರುಗಿ ಕೇಳಿದ ಮೊದಲ ಪ್ರಶ್ನೆ ಬೆನ್ನಿನ ಬಗ್ಗೆ ಅಲ್ಲ. "ಆಂಟಿ, ನಿಮಗೆ ಸಿಟಿಜನ್‌ಶಿಪ್ ಆಯ್ತಾ, ಇನ್ನೂ ಗ್ರೀನ್ ಕಾರ್ಡಾ?" ಅಂತ ಕೇಳಿದೆ. ಯಾಕೆ ಅನ್ನುವುದು ಎರಡನೇ ಹೆಜ್ಜೆಯಲ್ಲಿ ಬರುತ್ತದೆ. ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತು ಇದ್ದರೆ ಅದನ್ನೇ ಓದಿ.

ನಾನು ಡಾಕ್ಟರೂ ಅಲ್ಲ, ವಕೀಲನೂ ಅಲ್ಲ. ಡಲ್ಲಾಸ್ ಕಡೆ ಇರುವ, ಮನೆಯವರ ಕಾಯಿಲೆಗಾಗಿ ಈ ಕಾನೂನನ್ನು ಕೂತು ಓದಿದವನು ಅಷ್ಟೆ.

ಏನು ಬದಲಾಯಿತು?

ಟೆಕ್ಸಸ್‌ನ ಈ ಯೋಜನೆಯ ಹೆಸರು ಕಂಪ್ಯಾಶನೇಟ್ ಯೂಸ್ ಪ್ರೋಗ್ರಾಂ. 2015ರಲ್ಲಿ ಶುರುವಾದಾಗ ಅದೊಂದು ತೀರಾ ಸಣ್ಣ ಕಿಂಡಿ. ಬೇರೆ ಯಾವ ಔಷಧಕ್ಕೂ ಬಗ್ಗದ ಮೂರ್ಛೆರೋಗ ಇದ್ದವರಿಗೆ ಮಾತ್ರ. ಗಾಂಜಾದಲ್ಲಿ ಅಮಲು ತರುವ ಅಂಶವಾದ ಟಿಎಚ್‌ಸಿ ಶೇಕಡಾ 0.5 ದಾಟುವ ಹಾಗಿರಲಿಲ್ಲ. 2019ರಲ್ಲಿ ಎಲ್ಲ ಬಗೆಯ ಮೂರ್ಛೆರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್, ಆಟಿಸಂ, ಸ್ನಾಯುಗಳ ಬಲ ಕುಂದಿಸುವ ನರರೋಗವಾದ ಎಎಲ್ಎಸ್, ಕೊನೆಯ ಹಂತದ ಕ್ಯಾನ್ಸರ್ ಸೇರಿದವು. 2021ರಲ್ಲಿ ಯಾವ ಹಂತದ ಕ್ಯಾನ್ಸರ್ ಆದರೂ ಸರಿ ಎಂದಾಯಿತು, ದೊಡ್ಡ ಆಘಾತದ ನಂತರ ಕಾಡುವ ಮಾನಸಿಕ ತೊಂದರೆಯಾದ ಪಿಟಿಎಸ್‌ಡಿ ಕೂಡ ಬಂತು, ಟಿಎಚ್‌ಸಿ ಮಿತಿ ಶೇಕಡಾ 1ಕ್ಕೆ ಏರಿತು.

ನಿಜವಾಗಿ ಬಾಗಿಲು ತೆರೆದಿದ್ದು 2025ರ ಎಚ್‌ಬಿ 46 ಕಾನೂನಿನಿಂದ. ಗವರ್ನರ್ ಗ್ರೆಗ್ ಆಬಟ್ ಜೂನ್‌ನಲ್ಲಿ ಸಹಿ ಹಾಕಿದರು. ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ದೀರ್ಘಕಾಲದ ನೋವು, ಕ್ರೋನ್ಸ್ ಮತ್ತು ಅದೇ ಜಾತಿಯ ಕರುಳಿನ ಉರಿಯೂತಗಳು, ತಲೆಗೆ ಪೆಟ್ಟು ಬಿದ್ದು ಮಿದುಳಿಗಾದ ಗಾಯ, ಹಾಸ್ಪಿಸ್ ಅಥವಾ ಪ್ಯಾಲಿಯೇಟಿವ್ ಆರೈಕೆಯಲ್ಲಿರುವವರು, ಎಲ್ಲರೂ ಪಟ್ಟಿಗೆ ಸೇರಿದರು.

ಅಳತೆಯ ಲೆಕ್ಕವೂ ಬದಲಾಯಿತು. ಇದು ಕೇಳಲು ಸಣ್ಣ ವಿಷಯ, ರೋಗಿಗೆ ದೊಡ್ಡದು. ಮೊದಲು ಇದ್ದದ್ದು ತೂಕದ ಲೆಕ್ಕ. ಶೇಕಡಾ 1 ಅಂದರೆ 10 ಮಿಲಿಗ್ರಾಂ ಟಿಎಚ್‌ಸಿ ಹೊಟ್ಟೆಗೆ ಹೋಗಬೇಕಾದರೆ ಕನಿಷ್ಠ 1 ಗ್ರಾಂ ಎಣ್ಣೆಯನ್ನೋ ಸಕ್ಕರೆಯ ಗಮ್ಮಿಯನ್ನೋ ನುಂಗಬೇಕು. ಕೀಮೋ ಆಗಿ ವಾಂತಿ ಬರುತ್ತಿರುವವರಿಗೆ ಎಣ್ಣೆ ಕುಡಿಸುವುದು ಎಂಥಾ ಕಷ್ಟ ಅಂತ ನೋಡಿಕೊಂಡವರಿಗೇ ಗೊತ್ತು. ಈಗ ತೂಕದ ಮಾತೇ ಇಲ್ಲ. ಒಂದು ಡೋಸ್‌ಗೆ ಹೆಚ್ಚೆಂದರೆ 10 ಮಿಲಿಗ್ರಾಂ, ಒಂದು ಪ್ಯಾಕೆಟ್‌ಗೆ ಹೆಚ್ಚೆಂದರೆ 1 ಗ್ರಾಂ ಟಿಎಚ್‌ಸಿ, ಅಂದರೆ ನೂರು ಡೋಸ್. ನುಂಗುವುದರ ಜೊತೆಗೆ ಚರ್ಮಕ್ಕೆ ಅಂಟಿಸುವ ಪ್ಯಾಚ್, ಹಚ್ಚುವ ಲೋಶನ್, ಗುದದ್ವಾರದಲ್ಲಿ ಇಡುವ ಔಷಧಕ್ಕೂ ದಾರಿ ಆಯಿತು. ಸರ್ಕಾರ ಒಪ್ಪಿದ ಸಾಧನದಿಂದ, ವೈದ್ಯರು ಬರೆದುಕೊಟ್ಟರೆ, ಆವಿ ಎಳೆದುಕೊಳ್ಳಬಹುದು. ಸೇದುವುದು ಮಾತ್ರ ಇಂದಿಗೂ ನಿಷಿದ್ಧ. ಬೀಡಿಯಂತೆ ಸುತ್ತಿ ಸೇದಲು ಟೆಕ್ಸಸ್‌ನಲ್ಲಿ ಯಾವ ಡಾಕ್ಟರೂ ಬರೆದುಕೊಡಲಾರರು.

ಅಂಗಡಿಗಳ ವಿಷಯ. ವರ್ಷಗಟ್ಟಲೆ ಇಷ್ಟು ದೊಡ್ಡ ರಾಜ್ಯಕ್ಕೆ ಮೂರೇ ಮೂರು ಪರವಾನಗಿ ಇದ್ದವು. ಬೇರೆ ಊರಿನ ಪಿಕಪ್ ಜಾಗಗಳಲ್ಲಿ ಔಷಧವನ್ನು ರಾತ್ರಿ ಇಡುವ ಹಾಗೂ ಇರಲಿಲ್ಲ. ಬೆಳಗ್ಗೆ ವ್ಯಾನಿನಲ್ಲಿ ತಂದು, ಉಳಿದದ್ದನ್ನು ಸಂಜೆ ವಾಪಸ್ ಒಯ್ಯಬೇಕಿತ್ತು. ಆ ಡೀಸೆಲ್ ಖರ್ಚೆಲ್ಲ ರೋಗಿಯ ಬಿಲ್ಲಿಗೇ. ಹೊಸ ಕಾನೂನು ಪರವಾನಗಿಗಳನ್ನು 15ಕ್ಕೆ ಏರಿಸಿತು, ಊರೂರಲ್ಲಿ ದಾಸ್ತಾನು ಇಡಲೂ ಬಿಟ್ಟಿತು.

ಮೊದಲ ಹೆಜ್ಜೆ: ನಿಮ್ಮ ಕಾಯಿಲೆ ಪಟ್ಟಿಯಲ್ಲಿದೆಯಾ ನೋಡಿ

ಮೇಲೆ ಹೇಳಿದವು, ಜೊತೆಗೆ ಸ್ನಾಯು ಬಿಗಿತ ಮತ್ತು ಪಾರ್ಕಿನ್ಸನ್ಸ್, ಅಲ್ಝೈಮರ್ಸ್‌ನಂಥ ವಾಸಿಯಾಗದ ನರರೋಗಗಳು. ನಿದ್ದೆ ಬರುವುದಿಲ್ಲ, ಟೆನ್ಶನ್, ಖಿನ್ನತೆ, ಇವು ಪಟ್ಟಿಯಲ್ಲಿಲ್ಲ. ಕ್ಯಾಲಿಫೋರ್ನಿಯಾದ ನೆಂಟರು "ನಮ್ಮಲ್ಲಿ ಹೋಗಿ ತಗೊಂಡು ಬರ್ತೀವಿ" ಅನ್ನಬಹುದು. ಅಲ್ಲಿಯ ಕಾನೂನು ಬೇರೆ, ಇಲ್ಲಿಯದು ಬೇರೆ.

ವಯಸ್ಸಿನ ಮಿತಿ ಇಲ್ಲ. ಮಗುವಿಗೆ ಬೇಕಿದ್ದರೆ ತಂದೆ ತಾಯಿ ಅಥವಾ ಕಾನೂನುಬದ್ಧ ಪೋಷಕರು ಜೊತೆಗಿರಬೇಕು. ರೋಗಿ ಟೆಕ್ಸಸ್‌ನ ಕಾಯಂ ನಿವಾಸಿ ಆಗಿರಬೇಕು ಎಂಬ ಷರತ್ತೂ ಇದೆ. ಇಲ್ಲಿ ನಮ್ಮವರು ಎಡವುತ್ತಾರೆ. ಇದರ ಅರ್ಥ ಗ್ರೀನ್ ಕಾರ್ಡ್ ಅಲ್ಲ, ಮನೆ ಈ ರಾಜ್ಯದಲ್ಲಿದೆ ಎಂದಷ್ಟೆ. ಹಾಗಾಗಿ ವಿಸಿಟರ್ ವೀಸಾದಲ್ಲಿ ಆರು ತಿಂಗಳಿಗೆ ಬಂದ ಅಪ್ಪ ಅಮ್ಮನಿಗೆ ಈ ಯೋಜನೆ ಇಲ್ಲ. ಮೈಸೂರಿನಿಂದ ಮಂಡಿನೋವು ಹೊತ್ತು ಬಂದ ಅಮ್ಮನಿಗೆ "ಒಂದು ಗಮ್ಮಿ ಕೊಟ್ಟು ನೋಡೋಣ" ಅನ್ನುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ.

ಎರಡನೇ ಹೆಜ್ಜೆ: ಪಾಸ್‌ಪೋರ್ಟ್ ತೆಗೆದು ನೋಡಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗೆ ಇದು. ವರ ಕೊಟ್ಟಿದ್ದು ಟೆಕ್ಸಸ್ ರಾಜ್ಯ. ವೀಸಾ, ಗ್ರೀನ್ ಕಾರ್ಡ್, ಪೌರತ್ವ ಎಲ್ಲ ಇರುವುದು ಫೆಡರಲ್ ಸರ್ಕಾರದ ಕೈಯಲ್ಲಿ. ವಲಸೆ ಕಾನೂನು ಕೇಳುವುದು ಒಂದೇ: ಈ ವಸ್ತು ಫೆಡರಲ್ ನಿಯಂತ್ರಿತ ಪದಾರ್ಥಗಳ ಪಟ್ಟಿಯಲ್ಲಿದೆಯಾ? ರಾಜ್ಯ ಏನು ಅಂದಿದೆ, ಡಾಕ್ಟರು ಏನು ಬರೆದಿದ್ದಾರೆ ಅನ್ನುವುದು ಅದಕ್ಕೆ ಬೇಡ.

ಬಂಧನವಾಗಿರಬೇಕು, ಕೋರ್ಟಿಗೆ ಹೋಗಿರಬೇಕು ಅಂತಲೂ ಇಲ್ಲ. ಅಮೆರಿಕದ ಪ್ರಜೆಯಲ್ಲದವರು ಅಧಿಕಾರಿಯ ಎದುರು "ನಾನು ಗಾಂಜಾ ಔಷಧ ಬಳಸಿದ್ದೇನೆ" ಎಂದು ಒಪ್ಪಿಕೊಂಡರೂ, ಆ ಮಾತೇ ಪ್ರವೇಶ ನಿರಾಕರಿಸಲು ಕಾರಣವಾಗಬಹುದು. ಗ್ರೀನ್ ಕಾರ್ಡ್‌ಗೆ ತುಂಬುವ ಐ-485 ಅರ್ಜಿ ಡ್ರಗ್ಸ್ ಕಾನೂನು ಯಾವತ್ತಾದರೂ ಮುರಿದಿದ್ದೀರಾ ಎಂದು ನೇರವಾಗಿ ಕೇಳುತ್ತದೆ. ಪೌರತ್ವದ ವಿಷಯದಲ್ಲಿ 2019ರ ಏಪ್ರಿಲ್‌ನಲ್ಲೇ ಫೆಡರಲ್ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್ ತನ್ನ ನೀತಿ ಹೊರಡಿಸಿತು. ರಾಜ್ಯ ಒಪ್ಪಿದ್ದರೂ ಸರಿಯೇ, ಗಾಂಜಾ ಬಳಕೆ "ಒಳ್ಳೆಯ ನಡತೆ" ಅನ್ನುವ ಷರತ್ತಿಗೆ ಅಡ್ಡ ಬರುತ್ತದೆ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ.

"ಈಗ ಟ್ರಂಪೇ ಅದನ್ನ ಸಡಿಲ ಮಾಡ್ತಿದಾರಲ್ವಾ?" ಅಂತ ಒಬ್ಬರಾದರೂ ಕೇಳುತ್ತಾರೆ. ಗಾಂಜಾವನ್ನು ಆ ಫೆಡರಲ್ ಪಟ್ಟಿಯ ಅತಿ ಬಿಗಿ ವರ್ಗವಾದ ಶೆಡ್ಯೂಲ್ 1ರಿಂದ ಅದಕ್ಕಿಂತ ಸಡಿಲವಾದ 3ಕ್ಕೆ ಇಳಿಸುವ ಕೆಲಸ ಬೇಗ ಮುಗಿಸಿ ಎಂದು 2025ರ ಡಿಸೆಂಬರ್ 18ರಂದು ಆದೇಶ ಹೊರಬಿದ್ದದ್ದು ನಿಜ. ಆದರೆ ಶೆಡ್ಯೂಲ್ 3 ಅಂದರೂ ನಿಯಂತ್ರಿತ ಪದಾರ್ಥವೇ. ವಲಸೆ ಕಾನೂನು ಶೆಡ್ಯೂಲಿನ ನಂಬರ್ ನೋಡುವುದಿಲ್ಲ, ಪಟ್ಟಿಯಲ್ಲಿದೆಯೇ ಅಂತ ಮಾತ್ರ ನೋಡುತ್ತದೆ. ಈ ಸುದ್ದಿ ಕೇಳಿ ಧೈರ್ಯ ತಂದುಕೊಳ್ಳಬೇಡಿ.

ಹಾಗಾದರೆ ಎಚ್-1ಬಿ, ಎಚ್-4, ಎಫ್-1, ಗ್ರೀನ್ ಕಾರ್ಡ್ ಇದ್ದವರು ನೋವು ತಿನ್ನುತ್ತಾ ಕೂರಬೇಕಾ? ಇಲ್ಲ. ಫೆಡರಲ್ ಔಷಧ ಇಲಾಖೆಯಾದ ಎಫ್‌ಡಿಎ ಒಪ್ಪಿದ, ಮಾಮೂಲಿ ಫಾರ್ಮಸಿಯಲ್ಲೇ ಸಿಗುವ ಔಷಧಗಳಿವೆ. ಮೂರ್ಛೆರೋಗದ ಮಕ್ಕಳಿಗೆ ಎಪಿಡಿಯೊಲೆಕ್ಸ್. ಇದು ಗಾಂಜಾ ಗಿಡದಿಂದಲೇ ತೆಗೆದ, ಅಮಲಿಲ್ಲದ ಸಿಬಿಡಿ. ಲೆನಾಕ್ಸ್-ಗ್ಯಾಸ್ಟಾ, ಡ್ರಾವೆ ಎಂಬ ಎರಡು ಗಂಭೀರ ಮೂರ್ಛೆರೋಗಗಳಿಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು, 2020ರಲ್ಲಿ ಟ್ಯೂಬರಸ್ ಸ್ಕ್ಲೆರೋಸಿಸ್‌ಗೂ ಸಿಕ್ಕಿತು. ಆ ವರ್ಷವೇ ಅದನ್ನು ನಿಯಂತ್ರಿತ ಪದಾರ್ಥಗಳ ಪಟ್ಟಿಯಿಂದಲೂ ತೆಗೆದರು. ಕೀಮೋ ವಾಂತಿಗೆ ಡ್ರೊನಾಬಿನಾಲ್, ನಾಬಿಲೋನ್ ಇವೆ. ಡ್ರೊನಾಬಿನಾಲ್ ಅಂದರೆ ಲ್ಯಾಬಿನಲ್ಲಿ ತಯಾರಾದ ಟಿಎಚ್‌ಸಿಯೇ! ಇವೆರಡೂ ನಿಯಂತ್ರಿತ ಔಷಧಗಳೇ, ಆದರೆ ಡಾಕ್ಟರ ಚೀಟಿಯ ಮೇಲೆ ಫಾರ್ಮಸಿಯಲ್ಲಿ ತೆಗೆದುಕೊಂಡರೆ ಫೆಡರಲ್ ಕಾನೂನಿಗೂ ತಕರಾರಿಲ್ಲ. ಡಾಕ್ಟರ ಹತ್ತಿರ ಹೀಗೆ ಕೇಳಿ: "ರಾಜ್ಯದ ಯೋಜನೆ ಬೇಡ. ಎಫ್‌ಡಿಎ ಒಪ್ಪಿದ ಔಷಧ ಯಾವುದಾದರೂ ಆಗುತ್ತಾ?" ವಿಮೆಯೂ ಇವಕ್ಕೆ ದುಡ್ಡು ಕೊಡುವ ಸಾಧ್ಯತೆ ಇದೆ.

ಈಗಾಗಲೇ ಬಳಸಿಬಿಟ್ಟಿದ್ದೀರಾ? ಯಾವ ಅರ್ಜಿಯಲ್ಲೂ ಸುಳ್ಳು ಬರೆಯಬೇಡಿ, ಅದು ಇನ್ನೂ ದೊಡ್ಡ ಗುಂಡಿ. ಅರ್ಜಿ ಹಾಕುವ ಮೊದಲು, ವಿದೇಶಕ್ಕೆ ಹೊರಡುವ ಮೊದಲು, ವಲಸೆ ವಕೀಲರನ್ನು ನೋಡಿ. ನೀವು ಸಿಟಿಜನ್ ಆಗಿದ್ದು, ಅಳಿಯನ ಗ್ರೀನ್ ಕಾರ್ಡ್ ಇನ್ನೂ ಬರಬೇಕಿದ್ದರೆ, ನಿಮ್ಮ ಔಷಧ ತರಲು ಅವರನ್ನು ಕಳಿಸಬೇಡಿ.

ಸಿಟಿಜನ್ ಆದವರಿಗೂ ಎರಡು ಮಾತು. ಕೆಲಸ ಉಳಿಸಿಕೊಳ್ಳಲು ಟೆಕ್ಸಸ್ ಕಾನೂನಿನಲ್ಲಿ ರಕ್ಷಣೆ ಇಲ್ಲ. ಕಂಪನಿ ಮೂತ್ರ ಪರೀಕ್ಷೆ ಮಾಡಿಸಿ ಟಿಎಚ್‌ಸಿ ಕಂಡರೆ ತೆಗೆದುಹಾಕಬಹುದು, ವೈದ್ಯರ ಚೀಟಿ ಗುರಾಣಿ ಆಗುವುದಿಲ್ಲ. ಟ್ರಕ್ ಓಡಿಸುವವರು, ಫೆಡರಲ್ ಕೆಲಸದವರು, ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಾದವರು ಇನ್ನೂ ಜಾಸ್ತಿ ಯೋಚಿಸಬೇಕು.

ಮೂರನೇ ಹೆಜ್ಜೆ: ಸರಿಯಾದ ಡಾಕ್ಟರನ್ನು ಹುಡುಕಿ

ಎಲ್ಲ ಡಾಕ್ಟರೂ ಬರೆಯುವ ಹಾಗಿಲ್ಲ. ಟೆಕ್ಸಸ್ ಲೈಸೆನ್ಸ್ ಇರಬೇಕು, ತಮ್ಮ ವಿಭಾಗದಲ್ಲಿ ಬೋರ್ಡ್ ಸರ್ಟಿಫೈಡ್ ಆಗಿರಬೇಕು, ರಾಜ್ಯದ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ಹಾಕಿಸಿರಬೇಕು. ಆ ವ್ಯವಸ್ಥೆಯನ್ನು ಎಲ್ಲರೂ ಕರ್ಟ್ ಅನ್ನುತ್ತಾರೆ. ನಡೆಸುವುದು ಆರೋಗ್ಯ ಇಲಾಖೆ ಅಲ್ಲ, ಡಿಪಿಎಸ್. ನಿಮಗೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟ, ಹೈವೇಯಲ್ಲಿ ನಿಲ್ಲಿಸಿ ಟಿಕೆಟ್ ಕೊಡುವ ಅದೇ ಇಲಾಖೆ! ಡಿಪಿಎಸ್ ಜಾಲತಾಣದಲ್ಲೇ ಡಾಕ್ಟರನ್ನು ಹುಡುಕುವ ಪಟ್ಟಿ ಇದೆ.

ಮೊದಲು ನಿಮ್ಮ ಹಳೆಯ ಡಾಕ್ಟರಿಗೇ ಕೇಳಿ. ಕ್ಯಾನ್ಸರ್ ಅಥವಾ ನರರೋಗದ ತಜ್ಞರು ಈಗಾಗಲೇ ನೋಂದಾಯಿಸಿರಬಹುದು. ನಿಮ್ಮ ಇತಿಹಾಸ ಪೂರ್ತಿ ಗೊತ್ತಿರುವವರು ಬರೆದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಇದೇ ಕೆಲಸ ಮಾಡುವ ಕ್ಲಿನಿಕ್‌ಗಳಿವೆ, ಹಲವು ವಿಡಿಯೋ ಕಾಲ್‌ನಲ್ಲೇ ನೋಡುತ್ತವೆ. ಫೀಸು ಎಷ್ಟು, ಮತ್ತೆ ಯಾವಾಗ ಭೇಟಿ, ಆಗ ಮತ್ತೆ ಫೀಸಾ, ಇದನ್ನೆಲ್ಲ ಮೊದಲ ಫೋನಿನಲ್ಲೇ ಕೇಳಿಕೊಳ್ಳಿ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದಿದ್ದರೆ ಅದನ್ನೂ ಆಗಲೇ ಹೇಳಿ.

ಒಂದು ಮೋಸ ಗೊತ್ತಿರಲಿ. ಟೆಕ್ಸಸ್‌ನಲ್ಲಿ ಮೆಡಿಕಲ್ ಗಾಂಜಾ ಕಾರ್ಡ್ ಅನ್ನುವುದೇ ಇಲ್ಲ. "200 ಡಾಲರ್ ಕೊಡಿ, ಕಾರ್ಡ್ ಮನೆಗೆ ಬರುತ್ತೆ" ಅಂತ ಯಾರಾದರೂ ಹೇಳಿದರೆ ಅದು ನಿಮ್ಮ ಜೇಬಿಗೆ ಕತ್ತರಿ.

ನಾಲ್ಕನೇ ಹೆಜ್ಜೆ: ಭೇಟಿಗೆ ತಯಾರಾಗಿ

ಕಾಯಿಲೆ ಇದೆ ಎನ್ನುವ ದಾಖಲೆ, ಎಂಆರ್‌ಐ ಅಥವಾ ಲ್ಯಾಬ್ ವರದಿ, ಇದುವರೆಗೆ ಏನೇನು ಔಷಧ ತೆಗೆದುಕೊಂಡಿರಿ, ಏನಾಯಿತು. ಊರಲ್ಲಿ ಮಾಡಿಸಿದ ವರದಿಗಳಿದ್ದರೆ ಅವನ್ನೂ ಇಟ್ಟುಕೊಳ್ಳಿ. ವಿಳಾಸಕ್ಕೆ ಟೆಕ್ಸಸ್ ಐಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ತಿನ್ನುತ್ತಿರುವ ಮಾತ್ರೆಗಳ ಪೂರ್ತಿ ಪಟ್ಟಿ. ನಮ್ಮವರು ಇಲ್ಲಿ ಅರ್ಧ ಮುಚ್ಚಿಡುತ್ತಾರೆ. ಊರಿಂದ ತರಿಸಿದ ಆಯುರ್ವೇದದ ಲೇಹ್ಯ, ಅಶ್ವಗಂಧ ಯಾವುದನ್ನೂ ಬಿಡಬೇಡಿ. ಸಿಬಿಡಿ ಹಲವು ಔಷಧಗಳ ಜೊತೆ ಜಗಳ ಆಡುತ್ತದೆ. ರಕ್ತ ತೆಳು ಮಾಡುವ ವಾರ್ಫರಿನ್‌ನ ಪರಿಣಾಮ ಏರಬಹುದು. ಮೂರ್ಛೆರೋಗಕ್ಕೆ ಕೊಡುವ ಕ್ಲೋಬಜಾಮ್ ಜೊತೆ ಸೇರಿದರೆ ಮಂಪರು ಜಾಸ್ತಿ. ವಾಲ್‌ಪ್ರೊಯೇಟ್ ಜೊತೆಗಿದ್ದರೆ ಯಕೃತ್ತಿನ ಮೇಲೆ ಕಣ್ಣಿಡಬೇಕು. ಕಿಡ್ನಿ ಕಸಿ ಆದವರು ತಿನ್ನುವ ಟ್ಯಾಕ್ರೊಲಿಮಸ್‌ನ ಪ್ರಮಾಣವೂ ರಕ್ತದಲ್ಲಿ ಏರಬಹುದು. ಮನೆಯಲ್ಲಿ ಯಾರಿಗಾದರೂ ಸೈಕೋಸಿಸ್ ಇದ್ದರೆ ನಾಚಿಕೆ ಬಿಟ್ಟು ಹೇಳಿ, ಟಿಎಚ್‌ಸಿಗೂ ಅದಕ್ಕೂ ಆಗಿಬರುವುದಿಲ್ಲ.

ಡಾಕ್ಟರು ಒಪ್ಪಿದರೆ ನಿಮ್ಮ ಕೈಗೆ ಕಾಗದ ಬರುವುದಿಲ್ಲ. ಅವರು ಕರ್ಟ್‌ನಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗಿಯಿತು. ಹೊಸ ಕಾನೂನಿನಲ್ಲಿ ಚೀಟಿಗೆ ಒಂದು ವರ್ಷದ ಆಯಸ್ಸು, 90 ದಿನದ ಲೆಕ್ಕದಲ್ಲಿ ರೀಫಿಲ್.

ಐದನೇ ಹೆಜ್ಜೆ: ಔಷಧ ತರುವುದು

ಪರವಾನಗಿ ಇರುವ ಅಂಗಡಿಗೆ ಫೋನ್ ಮಾಡಿ ಅಥವಾ ಅವರ ತಾಣದಲ್ಲಿ ಆರ್ಡರ್ ಕೊಡಿ. ಮನೆಗೆ ತಂದುಕೊಡುವ ವ್ಯವಸ್ಥೆಯೂ ಇದೆ. ಐಡಿ ತೋರಿಸಿ ರೋಗಿಯ ಕೊನೆಯ ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ಐದು ಅಂಕಿ ಹೇಳಬೇಕು. ನಾಲ್ಕಲ್ಲ, ಐದು. ಹೆಸರಿನ ವಿಷಯದಲ್ಲಿ ಎಚ್ಚರ: ನಮ್ಮಲ್ಲಿ ಒಂದು ಕಡೆ ಊರಿನ ಹೆಸರು, ಇನ್ನೊಂದು ಕಡೆ ಅಪ್ಪನ ಹೆಸರು, ಮತ್ತೊಂದು ಕಡೆ ಬರೀ ಇನಿಶಿಯಲ್. ಡಾಕ್ಟರ ಕಚೇರಿಯಲ್ಲಿ ಐಡಿಯಲ್ಲಿ ಇರುವ ಹಾಗೇ ಬರೆಸಿ. ನಮ್ಮ ಮನೆಯಲ್ಲಿ ಇದೊಂದಕ್ಕೇ ಎರಡು ದಿನ ಹಾಳಾಯಿತು.

ವಿಮೆ ಒಂದು ಸೆಂಟೂ ಕೊಡುವುದಿಲ್ಲ. ವೈದ್ಯಕೀಯ ಖರ್ಚಿಗೆಂದು ತೆರಿಗೆ ಇಲ್ಲದೆ ಕೂಡಿಟ್ಟ ಎಚ್‌ಎಸ್‌ಎ ಖಾತೆಯ ಕಾರ್ಡ್ ಕೂಡ ಬೇಡ. ತೆರಿಗೆ ಇಲಾಖೆಯ 502ನೇ ಪ್ರಕಟಣೆ ಇದನ್ನು ವೈದ್ಯಕೀಯ ಖರ್ಚು ಎಂದು ಒಪ್ಪುವುದಿಲ್ಲ. ಕ್ರೆಡಿಟ್ ಕಾರ್ಡ್ ನಡೆಯದೆ ಇರಬಹುದು, ಡೆಬಿಟ್ ಅಥವಾ ನಗದು ಇಟ್ಟುಕೊಳ್ಳಿ.

ಸ್ಮೋಕ್ ಶಾಪ್‌ನಲ್ಲಿ, ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ಸಿಗುವ "ಹೆಂಪ್" (ಟಿಎಚ್‌ಸಿ ತೀರಾ ಕಡಿಮೆ ಇರುವ ಗಾಂಜಾ ಗಿಡ) ಗಮ್ಮಿಗಳು ಈ ಯೋಜನೆಯವಲ್ಲ. ಅವನ್ನು ಪೂರ್ತಿ ನಿಷೇಧಿಸುವ ಮಸೂದೆಗೆ 2025ರ ಜೂನ್ 22ರಂದು ಆಬಟ್ ವೀಟೊ ಹಾಕಿದರು. ಆ ಕಾರಣಕ್ಕೆ ಅವು ಉಳಿದುಕೊಂಡವು. ವೇಪ್ ಪೆನ್ನುಗಳ ಮಾರಾಟಕ್ಕೆ ಮಾತ್ರ ಬೇರೆ ಕಾನೂನಿನಿಂದ ಆ ಸೆಪ್ಟೆಂಬರ್‌ನಲ್ಲಿ ತಡೆ ಬಿತ್ತು. ಇತ್ತ 2025ರ ನವೆಂಬರ್‌ನಲ್ಲಿ ಬಂದ ಫೆಡರಲ್ ಕಾನೂನು ಹೆಂಪ್ ಪದಾರ್ಥದ ಒಂದು ಡಬ್ಬಿಗೆ 0.4 ಮಿಲಿಗ್ರಾಂ ಟಿಎಚ್‌ಸಿ ಮಿತಿ ಹಾಕಿತು, ಅದಕ್ಕೆ ಒಂದು ವರ್ಷದ ಗಡುವು. ಅಂಗಡಿಯಲ್ಲಿ ಸಿಕ್ಕಿತು ಅಂತ ಕಾಯಿಲೆಗೆ ಅದನ್ನು ತಿನ್ನುವುದು ಸರಿಯಲ್ಲ.

ಡೆನ್ವರ್‌ಗೆ ಸ್ಕೀಯಿಂಗ್ ಹೋದವರು ವಾಪಸ್ ಬರುವಾಗ ಗಮ್ಮಿ ಕಟ್ಟಿಕೊಂಡು ಬರುವುದು ಅದಕ್ಕಿಂತ ಅಪಾಯ. ಬೇರೆ ರಾಜ್ಯದ ಚೀಟಿ ಇಲ್ಲಿ ನಡೆಯದು. ಗಾಂಜಾ ಸೊಪ್ಪು ಸ್ವಲ್ಪ ಸಿಕ್ಕರೆ ಸಣ್ಣ ಅಪರಾಧ, ಆದರೆ ಟಿಎಚ್‌ಸಿ ತೆಗೆದು ಮಾಡಿದ ಗಮ್ಮಿ, ಎಣ್ಣೆ 1 ಗ್ರಾಂಗಿಂತ ಕಡಿಮೆ ಇದ್ದರೂ ಟೆಕ್ಸಸ್‌ನಲ್ಲಿ ಫೆಲನಿ. ಜೈಲು 180 ದಿನದಿಂದ 2 ವರ್ಷ. ಯೋಜನೆಯ ಔಷಧವನ್ನೂ ಅಂಗಡಿಯವರು ಕೊಟ್ಟ ಲೇಬಲ್ಲಿನ ಡಬ್ಬಿಯಲ್ಲೇ ಇಡಿ. ಸ್ಟೀಲ್ ಡಬ್ಬಿಗೆ ಸುರಿಯಬೇಡಿ.

ಆರನೇ ಹೆಜ್ಜೆ: ಮೊದಲ ಡೋಸ್

10 ಮಿಲಿಗ್ರಾಂ ಕಾನೂನಿನ ಗರಿಷ್ಠ ಮಿತಿ, ನಿಮ್ಮ ಡೋಸ್ ಅಲ್ಲ. ಯಾವತ್ತೂ ತೆಗೆದುಕೊಳ್ಳದವರಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ ಅದು ಜಾಸ್ತಿಯೇ. ಸಾಮಾನ್ಯವಾಗಿ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿಸುತ್ತಾರೆ. ನಿಮ್ಮ ಡಾಕ್ಟರು ಹೇಳಿದ್ದೇ ಕೊನೆ.

ನುಂಗಿದ್ದು ಕೆಲಸ ಶುರು ಮಾಡಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಎಲ್ಲರೂ ಮಾಡುವ ತಪ್ಪು ಇಲ್ಲೇ. ಮುಕ್ಕಾಲು ಗಂಟೆ ಕಾದು, ಏನೂ ಆಗಲಿಲ್ಲ ಅಂತ ಇನ್ನೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಎದೆ ಡವಡವ, ತಲೆಸುತ್ತು, ಸುಮ್ನೆ ಹೆದರಿಕೆ. ಮೊದಲ ದಿನ ಸಂಜೆ, ಮನೆಯಲ್ಲಿ ಒಬ್ಬರು ಜೊತೆಗಿರುವಾಗ, ಊಟವಾದ ಮೇಲೆ ತೆಗೆದುಕೊಳ್ಳಿ. ರಾತ್ರಿ ಬಚ್ಚಲಿಗೆ ಎದ್ದಾಗ ವಯಸ್ಸಾದವರು ಬೀಳುವುದು ಹೆಚ್ಚು, ದೀಪ ಹಾಕಿಟ್ಟಿರಿ. ಒಂದು ಪುಟ್ಟ ಪುಸ್ತಕದಲ್ಲಿ ಎಷ್ಟು ತೆಗೆದುಕೊಂಡೆ, ನೋವು ಎಷ್ಟು ಇಳಿಯಿತು, ನಿದ್ದೆ ಹೇಗಿತ್ತು ಅಂತ ಬರೆದಿಡಿ. ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ನಿಮ್ಮ ನೆನಪಿಗಿಂತ ಆ ಪುಸ್ತಕ ಉಪಯೋಗ.

ಗಾಡಿ ಓಡಿಸಬೇಡಿ. ಚೀಟಿ ಇದೆ ಅನ್ನುವುದು ಅಮಲಿನಲ್ಲಿ ಓಡಿಸಿದ ಕೇಸಿಗೆ ಉತ್ತರ ಆಗುವುದಿಲ್ಲ, ಟೆಕ್ಸಸ್ ದಂಡಸಂಹಿತೆಯೇ ಹಾಗೆ ಬರೆದಿದೆ.

ಗಮ್ಮಿ ನೋಡಲು ಥೇಟ್ ಮಿಠಾಯಿ. ಮೊಮ್ಮಕ್ಕಳಿರುವ ಮನೆಯಲ್ಲಿ ಬೀಗ ಹಾಕಿಡಿ. ಮಗು ತಿಂದುಬಿಟ್ಟರೆ ಕಾಯಬೇಡಿ. ಪಾಯ್ಸನ್ ಕಂಟ್ರೋಲ್‌ನ 1-800-222-1222ಕ್ಕೆ ಫೋನ್ ಮಾಡಿ, ಎಬ್ಬಿಸಿದರೂ ಏಳದಿದ್ದರೆ 911.

ಊರಿಗೆ ಹೊರಟಾಗ

ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಆಂಟಿ ಕೊನೆಗೆ ಕೇಳಿದ್ದೂ ಇದನ್ನೇ. ವಿಮಾನ ನಿಲ್ದಾಣದಲ್ಲಿ ನಡೆಯುವುದು ಫೆಡರಲ್ ಕಾನೂನು. ಗಡಿ ದಾಟಿಸುವುದಂತೂ ಕಳ್ಳಸಾಗಣೆ. ಬೆಂಗಳೂರಿನಲ್ಲಿ ಇಳಿದರೆ ಅಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ ಕಾದಿದೆ. ಟೆಕ್ಸಸ್ ಡಾಕ್ಟರ ಹೆಸರು ಅಲ್ಲಿ ಯಾರಿಗೂ ಬೇಡ. ಆವಿ ಎಳೆಯುವ ಸಾಧನವೂ ತೊಂದರೆಯೇ, ಭಾರತ 2019ರಲ್ಲೇ ಇ-ಸಿಗರೇಟುಗಳನ್ನು ನಿಷೇಧಿಸಿದೆ. "ಭಂಗಿ ಸೊಪ್ಪು ನಮ್ಮಲ್ಲಿ ಯಾವ ಕಾಲದಿಂದಲೂ ಇದೆಯಲ್ಲ" ಅಂತ ವಾದ ಮಾಡುವವರಿದ್ದಾರೆ. ಬರೀ ಎಲೆಯ ಲೆಕ್ಕ ಆ ಕಾಯ್ದೆಯಲ್ಲಿ ಬೇರೆ, ನಿಮ್ಮ ಡಬ್ಬಿಯಲ್ಲಿರುವ ಟಿಎಚ್‌ಸಿ ಎಣ್ಣೆಯ ಲೆಕ್ಕ ಬೇರೆ.

ಹೊರಡುವ ಎರಡು ಮೂರು ವಾರ ಮೊದಲೇ ಡಾಕ್ಟರಿಗೆ ಹೇಳಿ, ಅಷ್ಟು ದಿನಕ್ಕೆ ಬೇರೆ ಔಷಧ ಕೇಳಿಕೊಳ್ಳಿ. ಸೂಟ್‌ಕೇಸ್, ಹ್ಯಾಂಡ್‌ಬ್ಯಾಗ್, ಕೋಟಿನ ಜೇಬು ಎಲ್ಲ ಒಮ್ಮೆ ತಡಕಿ ನೋಡಿ. ಅವಧಿ ಮುಗಿದದ್ದು, ಅರ್ಧ ಉಳಿದದ್ದು ಇದ್ದರೆ ಪಕ್ಕದ ಮನೆಯವರ ಮಂಡಿನೋವಿಗೆ ಅಂತ ಕೊಡಬೇಡಿ, ಅದು ಅಪರಾಧ. ಡಬ್ಬಿಯ ಮೇಲಿನ ಹೆಸರು ಕೆರೆದು ಅಳಿಸಿ, ಬೆಳಗಿನ ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟದ ಜೊತೆ ಕಲಸಿ, ಕವರಿಗೆ ಗಂಟು ಹಾಕಿ ಕಸಕ್ಕೆ ಹಾಕಿ.